ನಮ್ಮನೆಯವರ ಮೈಲೇಜ್ ಪರೀಕ್ಷೆ

ನಮ್ಮನೆಗೆ ಯಾವ ಸಾಮಾನೂ ಸದ್ದಿಲ್ಲದೆ ಬಂದದ್ದಿಲ್ಲ. ಫ್ರಿಜ್ ಬಂದಾಗ ಬಾಗಿಲು ಕೀಳಿಸಬೇಕಾಯಿತು. ಟೀವಿ ಬಂದಾಗ ನಮ್ಮನೆಯವರು ಆಂಟೆನಾ ಹಿಡಿದುಕೊಂಡು ಹಂಚಿನ ಮೇಲೆ ಸಿಕ್ಕಿಹಾಕಿಕೊಂಡರು, ಇಳಿಸಲು ಇಡೀ ಬೀದಿಯೇ ಸೇರಿತು. ಹೀಗಿರುವಾಗ ಕಾರು ಬರುವುದೆಂದರೆ ಕೇಳಬೇಕೆ!

ಕಾರು ನಮಗೆ ಶೋಕಿಗೆ ಬೇಕಾಗಿದ್ದಲ್ಲ. ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಟೀಚರ್, ಮನೆ ಶಿವಮೊಗ್ಗದಲ್ಲಿ. ನಮ್ಮನೆಯವರಿಗೂ ಭದ್ರಾವತಿಯಲ್ಲೇ ಆಫೀಸು. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿಬಂದು ನನ್ನ ಸೊಂಟ ಕೈಕೊಟ್ಟಿತ್ತು. "ಬಸ್ಸಲ್ಲಿ ನಿಂತು ಓಡಾಡೋದು ಬಿಡಿ, ಇಲ್ಲಾ ಕೆಲಸ ಬಿಡಿ" ಅಂದರು ಡಾಕ್ಟರು. ಕ್ಲಾಸ್‌ರೂಮು ಬಿಟ್ಟು ಮನೆಯಲ್ಲಿ ಕೂರುವುದನ್ನು ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು. ಹಟ ಹಿಡಿದು ಡ್ರೈವಿಂಗ್ ಕಲಿತೆ, ಲೈಸೆನ್ಸೂ ತೆಗೆದುಕೊಂಡೆ. ಬೇಸಿಗೆ ರಜೆ ಮುಗಿಯುವುದರೊಳಗೆ ಕಾರು ಬಂದರೆ ಕೆಲಸ, ಇಲ್ಲದಿದ್ದರೆ ರಾಜೀನಾಮೆ.

ನಮ್ಮನೆಯವರು ಒಪ್ಪಿದರು, ಷರತ್ತಿನ ಮೇಲೆ. "ಲೀಟರಿಗೆ ಹದಿನೈದಕ್ಕಿಂತ ಕಮ್ಮಿ ಕೊಡೋ ಕಾರು ನಮ್ಮ ಬಾಗಿಲಿಗೆ ಬರಕೂಡದು. ನಿನ್ನ ಸಂಬಳ ಪೂರ್ತಿ ಪೆಟ್ರೋಲ್ ಬಂಕಿಗೇ ಸುರಿದ್ರೆ ಕೆಲಸಕ್ಕೆ ಹೋಗಿ ಏನು ಬಂತು ಮಾರಾಯ್ತಿ?" ಮಾತು ಸುಳ್ಳಲ್ಲ. ಅದಕ್ಕೇ ನನಗೆ ಇನ್ನೂ ಜಾಸ್ತಿ ಸಿಟ್ಟು ಬಂದದ್ದು.

ಮದುವೆ ಮನೆ

ಆ ಬೇಸಿಗೆ ತುಂಬಾ ಮದುವೆಗಳು. ಕಲ್ಯಾಣ ಮಂಟಪಕ್ಕೆ ಹೋದರೆ ಎಲ್ಲರೂ ಒಳಗೆ ನುಗ್ಗುತ್ತಾರೆ, ಇವರು ಮಾತ್ರ ಕಾರು ನಿಲ್ಲಿಸುವ ಜಾಗಕ್ಕೆ. ಬಂದವರ ಕೈಕುಲುಕಿ, "ಚೆನ್ನಾಗಿದ್ದೀರಾ? ನಿಮ್ಮ ಗಾಡಿ ಲೀಟರಿಗೆ ಎಷ್ಟು ಕೊಡುತ್ತೆ?" ಊಟದ ಪಂಕ್ತಿಯಲ್ಲೂ ಅದೇ ಪ್ರಶ್ನೆ. ಗಂಡಸರೆಲ್ಲ ಎದೆಯುಬ್ಬಿಸಿ "ಇಪ್ಪತ್ತು" ಅನ್ನುವುದು, ಪಕ್ಕದಲ್ಲಿದ್ದ ಹೆಂಡತಿ ಎಲೆ ನೋಡಿಕೊಂಡು ನಗುವುದು.

ಒಂದು ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಹೂವಿನಿಂದ ಅಲಂಕಾರ ಮಾಡಿದ ಹೊಸಾ ಕಾರಿನಲ್ಲಿ ಮದುಮಗಳು ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಅವಳಮ್ಮ ಅಳುತ್ತಿದ್ದಾರೆ, ನಾನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೇನೆ. ಅಷ್ಟರಲ್ಲಿ ನಮ್ಮನೆಯವರು ಜನರನ್ನು ಸರಿಸಿಕೊಂಡು ಮುಂದೆ ಹೋಗಿ ಕಿಟಕಿಗೆ ಬಗ್ಗಿದರು. ಆಶೀರ್ವಾದ ಮಾಡಲಿಕ್ಕೆ ಅಂದುಕೊಂಡೆ. ಇವರು ಡ್ರೈವರ್ ಸೀಟಿನಲ್ಲಿದ್ದವನನ್ನು ಕೇಳಿದ್ದು, "ಲೀಟರಿಗೆ ಎಷ್ಟಪ್ಪಾ?"

ಅವನು ತಬ್ಬಿಬ್ಬಾಗಿ ತಲೆ ಕೆರೆದುಕೊಂಡ. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಹಿಂದಿನ ಸೀಟಿನಿಂದ ಮದುಮಗಳು ಅಳು ನಿಲ್ಲಿಸಿ ಮೂಗೊರೆಸಿಕೊಂಡಳು. "ಸಿಟೀಲಿ ಹನ್ನೆರಡು, ಹೈವೇಲಿ ಹದಿನಾರು ಅಂಕಲ್" ಅಂದವಳೇ ಬಿಟ್ಟಲ್ಲಿಂದ ಅಳು ಮುಂದುವರಿಸಿದಳು.

ಇಳಿಜಾರಿನ ಗಾಡಿ

ಭದ್ರಾವತಿಯಲ್ಲಿ ಕಾರ್ಖಾನೆಯಿಂದ ರಿಟೈರಾದ ಫೋರ್‌ಮನ್ ಒಬ್ಬರು ತಮ್ಮ ಹಳೇ ಡೀಸೆಲ್ ಕಾರು ಮಾರುತ್ತಾರೆ, ಲೀಟರಿಗೆ ಮೂವತ್ತು ಕೊಡುತ್ತದಂತೆ ಅಂತ ಸುದ್ದಿ ಬಂತು. ಮೂವತ್ತು! ನಮ್ಮನೆಯವರಿಗೆ ಅವತ್ತು ತಿಂಡಿಯೂ ಬೇಡವಾಯಿತು.

ಮನೆ ದಿಬ್ಬದ ಮೇಲಿತ್ತು. ತಮಿಳು ಬೆರೆಸಿದ ಕನ್ನಡದಲ್ಲಿ ಫೋರ್‌ಮನ್ನರು ಪ್ರೀತಿಯಿಂದ "ವಾಂಗ ಸಾರ್, ಕೂತ್ಕೊಳಿ ಅಮ್ಮಾ" ಅಂತ ಹತ್ತಿಸಿಕೊಂಡು ಹ್ಯಾಂಡ್‌ಬ್ರೇಕ್ ಬಿಟ್ಟರು. ಕಾರು ಸದ್ದೇ ಇಲ್ಲದೆ ಹೊರಟಿತು.

"ಎಂಜಿನ್ ಎಷ್ಟು ಸ್ಮೂತ್ ನೋಡು!" ಅಂದರು ನಮ್ಮನೆಯವರು.

"ಎಂಜಿನ್ ಇನ್ನೂ ಆನ್ ಮಾಡಿಲ್ಲ ಸಾರ್. ಇಳಿಜಾರು ಇರೋ ಗಂಟ ಎಂಜಿನ್ ಯಾಕೆ?"

ಮಾರ್ಕೆಟ್ ಹತ್ತಿರ ಹೋಗಿ ಬಂದೆವು. ವಾಪಸ್ ದಿಬ್ಬದ ಬುಡಕ್ಕೆ ಬಂದೊಡನೆ ಅವರು ಎಂಜಿನ್ ಆಫ್ ಮಾಡಿ ಎರಡು ಸಲ ಹಾರ್ನ್ ಹೊಡೆದರು. ಅಕ್ಕಪಕ್ಕದ ಮನೆಗಳಿಂದ ಲುಂಗಿ ಎತ್ತಿ ಕಟ್ಟಿಕೊಂಡ ನಾಲ್ಕೈದು ಗಂಡಸರು ಬಂದರು. ಒಂದು ಮಾತಿಲ್ಲ ಕತೆಯಿಲ್ಲ, ನಮ್ಮನ್ನು ಕೂರಿಸಿಕೊಂಡಿದ್ದ ಕಾರನ್ನು ಮೇಲಿನವರೆಗೂ ತಳ್ಳಿ, ಕೈ ಒರೆಸಿಕೊಂಡು ಹೊರಟುಹೋದರು. ಮೂವತ್ತರ ಗುಟ್ಟು ನನಗೆ ಅರ್ಥವಾಯಿತು.

ನಮ್ಮನೆಯವರೂ ಬೇಡ ಅನ್ನುತ್ತಾರೆ ಅಂದುಕೊಂಡೆ. ಅವರು ಗಲ್ಲಕ್ಕೆ ಕೈಯಿಟ್ಟು ಯೋಚಿಸಿ, ಹೊರಟವರನ್ನೇ ನೋಡುತ್ತಾ ಕೇಳಿದರು, "ಇವರು ಶಿವಮೊಗ್ಗಕ್ಕೂ ಬರ್ತಾರಾ ಸಾರ್?"

ಅಲ್ಲಾಡಿಸಿದ್ದು

ಕೊನೆಗೆ ನಮ್ಮ ಸ್ಕೂಟರ್ ರಿಪೇರಿ ಮಾಡುವ ಸಾಬರು ಒಂದು ಪುಟ್ಟ ಪೆಟ್ರೋಲ್ ಕಾರು ತೋರಿಸಿದರು. ಕೋಟೆ ಕಡೆಯ ಡಾಕ್ಟರೊಬ್ಬರ ಗಾಡಿ, ಮಗುವಿನ ಹಾಗೆ ಇಟ್ಟುಕೊಂಡಿದ್ದರು. ನೋಡಿದ ಕೂಡಲೇ ನನ್ನ ಮನಸ್ಸಿಗೆ ಹಿಡಿಸಿಬಿಟ್ಟಿತು. "ಒಂದು ದಿನ ಓಡಿಸಿ ನೋಡಿ ಮೇಡಂ. ಸಂಜೆ ಹೇಳ್ಬಿಡಿ, ಬೇರೆ ಗಿರಾಕಿ ಕಾಯ್ತಿದ್ದಾರೆ" ಅಂದರು ಸಾಬರು. ಶಾಲೆ ಶುರುವಾಗಲು ವಾರವೂ ಇರಲಿಲ್ಲ.

ನಮ್ಮನೆಯವರ ಪರೀಕ್ಷೆ ಹೀಗೆ: ಟ್ಯಾಂಕ್ ಕಂಠದವರೆಗೆ ತುಂಬಿಸಬೇಕು, ಭದ್ರಾವತಿಗೆ ಹೋಗಿ ಬರಬೇಕು, ಮತ್ತೆ ಕಂಠದವರೆಗೆ ತುಂಬಿಸಬೇಕು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಅಂತ ಲೆಕ್ಕ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದ ಮೇಲೆ ಅಲ್ಲಾಡಿಸಿ ಇನ್ನೊಂದು ಗುಟುಕು ಹಿಡಿಸುವುದು ಇವರ ಹಳೇ ಅಭ್ಯಾಸ. ಬಂಕಿನಲ್ಲಿ ಕಾರನ್ನೂ ಹಾಗೇ ಅಲ್ಲಾಡಿಸತೊಡಗಿದರು. ನಾನು ಒಳಗೇ ಕೂತಿದ್ದೆ.

ಇಬ್ಬರು ಆಟೋದವರು ಸಹಾಯಕ್ಕೆ ಬಂದರು. ಆಮೇಲೆ ಬಸ್ಸಿಗೆ ಕಾಯುತ್ತಿದ್ದವರೂ ಸೇರಿ "ಐಸಾ!" ಅಂತ ಶುರುಮಾಡಿದರು. ನನ್ನ ತಲೆ ಆ ಕಡೆ ಈ ಕಡೆ. ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ಕಿಟಕಿಯಲ್ಲಿ ಇಣುಕಿ, "ಹೆದರ್ಬೇಡ ಕಣವ್ವಾ, ಎಲ್ಲಾ ಸೇರಿ ಹೆಂಗಾದ್ರೂ ನಿನ್ನ ಹೊರಗೆ ತೆಗೀತಾರೆ" ಅಂತ ಧೈರ್ಯ ಹೇಳಿದಳು. ಅಷ್ಟರಲ್ಲಿ ಟ್ಯಾಂಕಿನಿಂದ ಗುಳುಗುಳು ಸದ್ದು ಬಂತು. ಪೆಟ್ರೋಲ್ ಹಾಕುವವನು ಪೈಪು ಹೊರಗೆಳೆದು ಕೈಮುಗಿದ. "ಸಾಕು ಬಿಡಿ ಸಾರ್, ಕಾರಿಗೆ ತೇಗು ಬಂತು."

ಭಾರ

ಇನ್ನು ಹೊರಡುವುದು. ಅವತ್ತು ನಮ್ಮ ಶಾಲೆಯಲ್ಲಿ ರಜೆ ಮುಗಿಯುವ ಮುಂಚಿನ ಮೀಟಿಂಗೂ ಇತ್ತು. ನಮ್ಮನೆಯವರು ಕಾಲುಮ್ಯಾಟು ತೆಗೆದರು, ನನ್ನ ಛತ್ರಿ ತೆಗೆದರು, ನೀರಿನ ಬಾಟಲಿಯಲ್ಲಿ ಅರ್ಧ ಚೆಲ್ಲಿದರು. "ಭಾರ ಇದ್ರೆ ಮೈಲೇಜ್ ಬೀಳುತ್ತೆ. ಕಿಟಕಿ ತೆಗೀಬೇಡ, ಗಾಳಿ ಹಿಡಿಯುತ್ತೆ." ಎಲ್ಲ ಮುಗಿದ ಮೇಲೆ ತಮ್ಮ ಹೊಟ್ಟೆ ತಾವೇ ನೋಡಿಕೊಂಡರು. "ನಾನೇ ದೊಡ್ಡ ಭಾರ. ನೀನು ಹೋಗ್ಬಾ, ನಾನಿಲ್ಲೇ ಬಂಕಲ್ಲಿ ಕಾಯ್ತೀನಿ."

"ಕಿಲೋಮೀಟರ್ ಬರ್ಕೊಳಲ್ವಾ?" ಅಂದೆ.

"ಸೆಕೆಂಡ್‌ಹ್ಯಾಂಡ್ ಕಾರಿನ ಮೀಟರ್ ನಂಬ್ತಾರೇನೇ? ಹೋಗಿ ಬಂದ್ರೆ ನಲವತ್ತು. ಮೈಲಿಗಲ್ಲು ಸುಳ್ಳು ಹೇಳಲ್ಲ."

ಒಬ್ಬಳೇ ಭದ್ರಾವತಿ ಮುಟ್ಟಿದೆ. ಸೊಂಟ ಒಂದಿಷ್ಟೂ ನೋಯಲಿಲ್ಲ. ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ ಆದ ಸಂತೋಷ ಇವತ್ತಿಗೂ ಮರೆತಿಲ್ಲ. ಮೀಟಿಂಗ್ ಮುಗಿದ ಮೇಲೆ ಶಿವಮೊಗ್ಗದಿಂದ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ನಾಲ್ವರು ಟೀಚರುಗಳು ಕಾರಿನ ಸುತ್ತ ನಿಂತುಬಿಟ್ಟರು. ಬಿಟ್ಟು ಬರಲು ಮನಸ್ಸು ಹೇಗೆ ಬಂದೀತು? ಹತ್ತಿಸಿಕೊಂಡೆ. ಕಿಟಕಿಗಳೆಲ್ಲ ತೆರೆದುಕೊಂಡವು. ದಾರಿಯಲ್ಲಿ ಹಿಂದಿ ಟೀಚರ್ ಒಂದು ದೊಡ್ಡ ಹಲಸಿನಹಣ್ಣು ಕೊಂಡರು. ಶಿವಮೊಗ್ಗ ಬಂದಾಗ ಸೈನ್ಸ್ ಟೀಚರ್, "ಹೊಸ ಕಾರು ಕಣ್ರೀ, ಗಾಜನೂರು ಡ್ಯಾಮಿಗೊಂದು ರೌಂಡ್ ಹೊಡೆಯೋಣ" ಅಂದರು. ಹೊಡೆದೆವು. ಹೊಳೆ ಗಾಳಿಯಲ್ಲಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ಆಮೇಲೆ ಒಬ್ಬೊಬ್ಬರನ್ನೇ ಮನೆಗೆ ಬಿಟ್ಟು ಬಂಕಿಗೆ ಬಂದೆ.

"ಇಷ್ಟು ಲೇಟು! ನಿಧಾನ ಓಡಿಸಿದ್ದೀಯ, ಭೇಷ್!" ಅಂತ ನಮ್ಮನೆಯವರು ಓಡಿ ಬಂದರು. ಟ್ಯಾಂಕ್ ತುಂಬಿತು. ನಾಲ್ಕು ಲೀಟರ್ ಹಿಡಿಯಿತು. ಅವರ ಮುಖ ಕಪ್ಪಿಟ್ಟಿತು. "ನಲವತ್ತು ಭಾಗಿಸು ನಾಲ್ಕು... ಹತ್ತೇ! ಇದು ಕಾರಲ್ಲ ಕಣೇ, ಲಾರಿ. ಸಾಬರಿಗೆ ಬೇಡ ಅಂದ್ಬಿಡ್ತೀನಿ." ಹೇಳಿದರೇ ಹೊರತು ಹೊರಡಲಿಲ್ಲ. ನನ್ನನ್ನು ನೋಡಿ ಮೆಲ್ಲಗೆ, "ಏನ್ಮಾಡೋದು, ನಿನ್ನ ಕೆಲಸ..." ಅಂದರು.

ಹೇಳಿದರೆ ಬೈಗುಳ, ಹೇಳದಿದ್ದರೆ ರಾಜೀನಾಮೆ. "ರೀ, ನಾನು ಗಾಜನೂರಿಗೂ ಹೋಗಿದ್ದೆ" ಅಂದೆ. "ಐದು ಜನ ಇದ್ವಿ. ಕಿಟಕಿ ಎಲ್ಲಾ ತೆಗೆದಿತ್ತು. ಮತ್ತೆ..." ಡಿಕ್ಕಿ ತೆಗೆದೆ. ಹಿಂದಿ ಟೀಚರ್ ಮರೆತುಹೋದ ಹಲಸಿನಹಣ್ಣು ಘಮ್ಮೆಂದಿತು.

ಅವರು ಹಣ್ಣನ್ನು ನೋಡಿದರು, ನನ್ನನ್ನು ನೋಡಿದರು, ಆಕಾಶ ನೋಡಿ ತುಟಿ ಅಲ್ಲಾಡಿಸಿದರು. ಸಿಟ್ಟಲ್ಲ, ಲೆಕ್ಕ. "ಇನ್ನೊಂದು ಮೂವತ್ತು ಕೂಡಿಸು... ಹದಿನೇಳೂವರೆ! ಐದು ಜನ ಕೂತು, ಹಲಸಿನಹಣ್ಣು ಹೇರಿ ಹದಿನೇಳೂವರೆ!" ಬಂಕಿನಲ್ಲೇ ಎರಡು ಸಲ ಕುಣಿದು ಸಾಬರ ಗ್ಯಾರೇಜಿಗೆ ಓಡಿದರು.

ಕಾರು ಬಂತು, ನನ್ನ ಕೆಲಸ ಉಳಿಯಿತು. ಶಾಲೆ ಶುರುವಾದ ದಿನದಿಂದ ನಾಲ್ವರು ಟೀಚರುಗಳೂ ಪೆಟ್ರೋಲ್ ಖರ್ಚು ಹಂಚಿಕೊಂಡು ನನ್ನ ಜೊತೆಗೇ ಬರತೊಡಗಿದರು. ಏರ್ಪಾಡು ನಮ್ಮನೆಯವರದ್ದೇ. ಎಲ್ಲ ಸೀಟೂ ಭರ್ತಿ.

ಒಂದು ಬೆಳಿಗ್ಗೆ ಭದ್ರಾವತಿಯ ರೈಲ್ವೆ ಗೇಟು ಹಾಕಿತ್ತು. ಪಕ್ಕದಲ್ಲೇ ಬಸ್ಸು ಬಂದು ನಿಂತಿತು. ಫುಟ್‌ಬೋರ್ಡಿನಲ್ಲಿ ಒಂದು ಕಾಲೂರಿ, ಕಂಬಿ ಹಿಡಿದು ನೇತಾಡುತ್ತಿದ್ದವರು ನಮ್ಮನೆಯವರು. ಇನ್ನೊಂದು ಕೈಯಲ್ಲಿ ಕಂಡಕ್ಟರಿಗೆ ನಮ್ಮನ್ನು ತೋರಿಸುತ್ತಿದ್ದರು.

"ನೋಡಿ, ಅದೇ ನಮ್ಮ ಕಾರು! ಹದಿನೆಂಟು ಕೊಡುತ್ತೆ!"

"ಮತ್ತೆ ನೀವ್ಯಾಕೆ ಇಲ್ಲಿ ನೇತಾಡ್ತೀರಾ ಸಾರ್?"

ನಮ್ಮನೆಯವರು ಅವನ ದಡ್ಡತನಕ್ಕೆ ಮರುಗಿದರು. "ನಾನು ಹತ್ತಿದ್ರೆ ಹದಿನಾರಕ್ಕೆ ಇಳಿಯುತ್ತಲ್ರೀ!"