ಸೋಯಾ ಅವರೆಗೆ ಅಮ್ಮ ಬಂದಾಗ

ನನಗಾಗ ನಲವತ್ತೊಂದು. ಅದಾಗಿ ನಲವತ್ತೈದು ವರ್ಷವಾಯಿತು. ಸುಗಟೂರಿನ ಸುತ್ತಮುತ್ತ ಗಿಡದ ಕಾಯಿಲೆಗೆ ಮನೆಮಂದಿಗೆ ಪಥ್ಯ ಮಾಡಿಸಿದ ಮನುಷ್ಯ ನನ್ನಣ್ಣ ಒಬ್ಬನೇ!

ಅತ್ತಿಗೆ ತೀರಿಕೊಂಡು, ಮಕ್ಕಳು ಬೇರೆ ಊರು ಸೇರಿದ್ದ ಮನೆ. ಗಂಡ ಸತ್ತ ಮೇಲೆ ನಾನು ತವರಿಗೆ ಬಂದು ಒಲೆ ಹಿಡಿದಿದ್ದೆ. ಆ ವರ್ಷ ಅಣ್ಣ ರಾಗಿ ಹೊಲದ ಅರ್ಧಕ್ಕೆ ಸೋಯಾ ಅವರೆ ಹಾಕಿದ. ಊರಲ್ಲಿ ಯಾರೂ ತಿಂದು ನೋಡದ ಕಾಳು! ತಿಂಗಳು ತುಂಬುವಷ್ಟರಲ್ಲಿ ಬಾವಿ ಪಕ್ಕದ ಮೂಲೆಯಲ್ಲಿ ಎಲೆಗಳ ಮೇಲೆ ಹಳದಿ ಮಚ್ಚೆ ಬಿತ್ತು. ಅಣ್ಣ ಓಡಿ ಬಂದ.

"ಲೇ, ಒಲೆ ಮೇಲೇನಿದೆ?"

"ಸಾರು."

"ಒಗ್ಗರಣೆ ಹಾಕ್ಬೇಡ ಕಣೇ! ಗಿಡಕ್ಕೆ ಅಮ್ಮ ಬಂದವ್ಳೆ!"

ಸಿಡುಬಿನಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಒಪ್ಪಿದೆ. ಹೊಲಕ್ಕೆ ಬಂದರೂನಾ? ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿದೆವು. ಅವನು ದಿನಾ ಬೇವಿನ ಸೊಪ್ಪಿನಲ್ಲಿ ಅರಿಸಿನದ ನೀರು ಚಿಮುಕಿಸಿದ. ಡೈರಿಗೆ ಹಾಕಿ ಉಳಿದ ಹಾಲಿನ ಮಜ್ಜಿಗೆಯೆಲ್ಲ ಗಿಡದ ಬುಡಕ್ಕೆ! ನೆಂಟರು ಬದು ದಾಟುವಂತಿಲ್ಲ. ಅಮ್ಮ ಮಾತ್ರ ಸಾಲಿನಿಂದ ಸಾಲಿಗೆ ದಾಟುತ್ತಲೇ ಇದ್ದಳು.

ಎಂಟನೆಯ ದಿನ ಗ್ರಾಮಸೇವಕರು ಸೈಕಲ್ಲಿನಲ್ಲಿ ಬಂದರು. ಎಲೆ ಮಗುಚಿ, ಅಡಿಯಿಂದ ಎದ್ದ ಬಿಳಿ ನೊಣಗಳನ್ನು ತೋರಿಸಿದರು.

"ಯಜಮಾನ್ರೇ, ಇದು ನಂಜುರೋಗ. ಈ ನೊಣ ಕಾಯಿಲೆ ಗಿಡದ ರಸ ಹೀರಿ ಒಳ್ಳೇ ಗಿಡಕ್ಕೆ ಅಂಟಿಸ್ತದೆ. ನೊಣಕ್ಕೆ ಔಷಧಿ ಹೊಡೀಬಹುದು. ಹಿಡಿದ ಗಿಡಕ್ಕೆ ಔಷಧಿ ಇಲ್ಲ. ಕಿತ್ತು ಹೂತ್ಬಿಡಿ, ಉಳಿದಿದ್ದಾದ್ರೂ ಉಳೀಲಿ."

"ನಿಮ್ಮನೇಲಿ ಜ್ವರ ಬಂದೋರ್ನ ಹೂತ್ಬಿಡ್ತೀರೇನ್ರೀ?"

ಗ್ರಾಮಸೇವಕರು ಸೈಕಲ್ ಹತ್ತಿದರು.

ಸಂಜೆ ಊಟಕ್ಕೆ ಕೂತಾಗ ನನಗೆ ರೇಗಿತು. "ಮೂಲೆ ಉಳಿಸೋಕೆ ಹೋಗಿ ಹೊಲಾನೇ ಕಳೀತೀಯ. ಕೀಳೋಕೇನು ದೊಡ್ಡ ರೋಗ ನಿಂಗೆ?"

ಅಣ್ಣ ತಟ್ಟೆ ನೋಡುತ್ತಲೇ ಹೇಳಿದ. "ನನ್ನ ದೊಡ್ಡ ಮಗಳಿಗೆ ಅಮ್ಮ ಬಂದಾಗ್ಲೂ ಊರೋರು ಹಿಂಗೇ ಅಂದ್ರು. ಹೊರಗಿಡು, ಉಳಿದ ಮಕ್ಕಳಾದ್ರೂ ಉಳೀಲಿ ಅಂದ್ರು. ನಾನೇ ಎತ್ಕೊಂಡೋಗಿ ಬಾವಿ ಹತ್ರ ಗುಡಿಸಲಲ್ಲಿ ಮಲಗಿಸ್ದೆ. ಉಳಿದೋರು ಉಳಿದ್ರು ಕಣೇ."

ಮಗು ಮನೆಯಲ್ಲೇ ತೀರಿಹೋಯಿತೆಂದು ನನ್ನ ಗಂಡನ ಮನೆಗೆ ಸುದ್ದಿ ಬಂದಿತ್ತು. ಇಷ್ಟು ವರ್ಷ ನಾನು ಹಾಗೇ ನಂಬಿದ್ದೆ.

"ಇನ್ನೊಂಚೂರು ಸಾರು ಹಾಕ್ಲಾ?" ಅಂದೆ. ಬೇಡವೆಂದು ತಲೆಯಾಡಿಸಿದ.

ಮಾರನೆಯ ಬೆಳಿಗ್ಗೆ ಅವನು ಡೈರಿಗೆ ಹಾಲು ಹಾಕಲು ಹೋದಾಗ ನಾನೊಬ್ಬಳೇ ಹೊಲಕ್ಕೆ ಹೋಗಿ ಹಳದಿ ಗಿಡಗಳನ್ನೆಲ್ಲ ಕಿತ್ತು, ಗುಂಡಿ ತೋಡಿ ಹೂತೆ. ಮನೆಗೆ ಬಂದು ಸಾರು ಕುದಿಸಿದೆ. ಒಗ್ಗರಣೆ ಹಾಕಲಿಲ್ಲ.