ಮಾವ ಕ್ಯಾಮರಾ ಮಾರಿದ್ದು

ನನ್ನ ಸೋದರಮಾವನಿಗೆ ಬದುಕಿರುವವರನ್ನು ಕಂಡರೆ ಅಷ್ಟಕ್ಕಷ್ಟೇ, ಸತ್ತವರೆಂದರೆ ಪ್ರಾಣ! ಹೀಗೆಂದೆನೆಂದು ಅವನನ್ನು ಮಾಟಗಾರನೆಂದು ತಿಳಿಯಬೇಡಿ. ಅವನು ರೋಣದಲ್ಲಿ ಫೋಟೋ ತೆಗೆಯುತ್ತಿದ್ದ. ತಪ್ಪೆಲ್ಲ ಅವನ ಕ್ಯಾಮರಾದ್ದು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶ ಬಿಟ್ಟು ಹೊರಟ ಬಿಳಿ ಸಾಹೇಬನೊಬ್ಬನಿಂದ ಕೊಂಡದ್ದು ಅದು. ಕೊಂಡಾಗಲೇ ಅದಕ್ಕೆ ಮುಪ್ಪು. ತೇಗದ ಪೆಟ್ಟಿಗೆ, ಹಾರ್ಮೋನಿಯಂ ತಿದಿಯಂಥ ಹೊಟ್ಟೆ, ಮೂರು ಕಾಲು, ಮೇಲೊಂದು ಕರಿಯ ಬಟ್ಟೆ. ಮಾವ ಮುಂದಿನ ಮುಚ್ಚಳ ತೆಗೆದು, ಬಾಯಲ್ಲೇ ಎಣಿಸಿ, ಮತ್ತೆ ಮುಚ್ಚುವವರೆಗೆ ಎದುರಿಗಿದ್ದವರು ಅಲುಗಬಾರದು. ಜೀವವಿದ್ದವರು ಅಲುಗದೆ ಇರುತ್ತಾರೆಯೇ?

ನರಗುಂದದ ಒಂದು ಮದುವೆಯಲ್ಲಿ ಮದುಮಗನ ಮೂಗಿನ ಮೇಲೆ ನೊಣ ಕೂತಿತು. ಅವನು ತಲೆ ಕೊಡವಿದ. ಫೋಟೋದಲ್ಲಿ ಅವನಿಗೆ ಎರಡು ಮುಖ! ಹೆಣ್ಣಿನ ಅಪ್ಪ ಅದನ್ನು ಹಿಡಿದುಕೊಂಡು ರೋಣದವರೆಗೆ ಬಂದ.

"ಇದರಾಗ ನಮ್ಮ ಅಳಿಯಾ ಯಾಂವ್ರೀ?"

"ಎರಡೂ ನಿಮ್ಮ ಅಳಿಯಾನ ರೀ. ಒಂದರ ಜೋಡಿ ಇನ್ನೊಂದು ಪುಕ್ಕಟೆ!" ಎಂದ ಮಾವ.

ಆಮೇಲೆ ಯಾವ ಮದುವೆಗೂ ಅವನಿಗೆ ಕರೆ ಬರಲಿಲ್ಲ. ಬಂದದ್ದು ಸಾವಿನ ಮನೆಗಳಿಂದ. ಆಗೆಲ್ಲ ಒಂದು ಫೋಟೋ ಕೂಡ ಇಲ್ಲದೆ ಹೋಗಿಬಿಡುವವರೇ ಹೆಚ್ಚು. ಕಣ್ಣು ಮುಚ್ಚಿದ ಮೇಲೆ ಮನೆಯವರಿಗೆ ನೆನಪಾಗುತ್ತಿತ್ತು. ನರಗುಂದದ ಕಾಳಿನ ವ್ಯಾಪಾರಿಯೊಬ್ಬರು ತೀರಿಕೊಂಡಾಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ತಲೆಗೆ ರುಮಾಲು ಸುತ್ತಿದ್ದರು. ಮಾವ ಅವರ ಮೀಸೆ ತೀಡಿ, ಅಂಗಿಯ ಗುಂಡಿ ಹಾಕಿ, "ಸಾವಕಾರ್ರ, ಸ್ವಲ್ಪ ಹಿಂಗ... ಹಾಂ, ಶಾಣ್ಯಾರು!" ಎಂದು ಗಲ್ಲ ಹಿಡಿದು ತಿರುಗಿಸಿದ. ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರಂತೆ. ಫೋಟೋ ಮಾತ್ರ ಕಣ್ಣಿಗೆ ಕಟ್ಟುವಂತೆ ಬಂತು. ಮುಖದ ಗೆರೆ ಗೆರೆಯೂ ಕಾಣುತ್ತಿತ್ತು. "ಅಪ್ಪಾ ಇದ್ದಾಗ ಇಷ್ಟ ಚಲೋ ಕಾಣ್ತಿದ್ದಿಲ್ಲ" ಎಂದ ಹಿರಿಮಗ.

ಅಲ್ಲಿಂದ ಮುಂದೆ ಮಾವ ಓಣಿಯಲ್ಲಿ ಬಂದರೆ ಸಾಕು, ಜನ ಯಾರು ಹೋದರೆಂದು ಕೇಳತೊಡಗಿದರು. ಒಮ್ಮೆ ಪಕ್ಕದ ಮನೆಗೆ ಹೋದಾಗ ಕಟ್ಟೆಯ ಮೇಲಿದ್ದ ಕೆಮ್ಮಿನ ಅಜ್ಜ ಕೋಲು ಎತ್ತಿದ.

"ನಾ ಇನ್ನೂ ಅದೀನೋ, ಮುಂದ ನಡಿ!"

"ಅಜ್ಜಾರ, ಹೆಪ್ಪಿಗೆ ಚೂರು ಮಜ್ಜಿಗಿ ಬೇಕಾಗಿತ್ರೀ."

"ಇವತ್ತ ಮಜ್ಜಿಗಿ ಅಂತಿ, ನಾಳೆ ನನ್ನ ಒಯ್ಯಾಕ ಬರ್ತಿ!"

ಅಷ್ಟರಲ್ಲಿ ಕೊರಳಿಗೆ ನೇತುಹಾಕಿಕೊಳ್ಳುವ ಚಿಕ್ಕ ಕ್ಯಾಮರಾಗಳು ಬಂದವು. ಇದನ್ನು ಮಾರಿ ಅದನ್ನು ಕೊಳ್ಳೆಂದು ನಾನು ಹೇಳಿದೆ.

"ಹುಚ್ಚಪ್ಪಾ, ಹೊಸಾದು ಅಂಗಡಿ ಹೊಸ್ತಿಲಾ ದಾಟಿದ ಕೂಡ್ಲೆ ಹಳೇದಾಗತೈತಿ. ಇದು ಹಳೇದಾಗೇ ಬಂದೈತಿ. ಇದರ ಕಿಮ್ಮತ್ತು ಇನ್ನ ಎಲ್ಲಿಗೆ ಇಳೀತೈತಿ?"

ಇಳಿಯಲಿಲ್ಲ, ಖರೆ! ಗಜೇಂದ್ರಗಡದ ಸ್ಟುಡಿಯೋದವನೊಬ್ಬ ಅದರ ಬೆನ್ನು ಹತ್ತಿದ್ದ. ಹೊಸ ಕ್ಯಾಮರಾ ಎರಡಿದ್ದರೂ ಈ ಮುದಿಯ ಮೇಲೇ ಅವನ ಕಣ್ಣು. ಬಂದಾಗಲೆಲ್ಲ ಬೆಲೆ ಏರಿಸುತ್ತಿದ್ದ. ಮಾವ ಅವನಿಗೆ ಚಹಾ ಕುಡಿಸಿ, ಕರಿಯ ಬಟ್ಟೆಯೊಳಗೆ ತಲೆ ಹಾಕಲು ಬಿಟ್ಟು, ಕೊನೆಗೆ "ಇಲ್ಲ ಬಿಡ್ರಿ" ಎಂದುಬಿಡುತ್ತಿದ್ದ.

"ನನ್ನ ಕೊಡೂಮುಂದ ನಮ್ಮಪ್ಪ ಇಷ್ಟ ಹೊಯ್ದಾಡ್ಲಿಲ್ಲ" ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದಳು.

"ನಿನ್ನ ಕೇಳಾಕ ನಾ ಒಬ್ಬನ ಬಂದಿದ್ದೆ!"

ಅದೇ ಅತ್ತೆ ಹಾಸಿಗೆ ಹಿಡಿದಳು. ಗದುಗಿನ ದವಾಖಾನೆಯಿಂದ ವಾಪಸು ಕಳಿಸಿದ ಮೇಲೆ ಮಾವ ನಗೆಚಾಟಿಕೆ ಬಿಟ್ಟ. ಒಂದು ಬೆಳಿಗ್ಗೆ ಕ್ಯಾಮರಾ ಹೊತ್ತುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದ. ಸಂಜೆ ಬರಿಗೈಯಲ್ಲಿ ಇಳಿದ.

"ಎಷ್ಟಕ್ಕ ಕೊಟ್ಟಿ ಮಾವಾ?"

"ಅಂವಾ ಕೊಟ್ಟಷ್ಟಕ್ಕ."

ಔಷಧಿಗೆಂದು ಮಾರಿದನೆಂದು ಎಲ್ಲರೂ ತಿಳಿದೆವು. ಆದರೆ ಔಷಧಿಯ ಕಾಲ ಮುಗಿದಿತ್ತು. ಕೆಲವೇ ದಿನಗಳಲ್ಲಿ ಅತ್ತೆ ಹೋದಳು. ಅವಳದೂ ಒಂದು ಫೋಟೋ ಇರಲಿಲ್ಲ. ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಗಜೇಂದ್ರಗಡದಾಂವನ್ನ ಕರಸೂಣೇನು?"

"ಬ್ಯಾಡ್ರಿ" ಎಂದ ಮಾವ. "ಅದು ಮನ್ಯಾಗಿದ್ರ ನೀವು ತೆಗಿ ಅಂತಿದ್ರಿ, ನಾನೂ ತೆಗೀತಿದ್ದೆ. ಆಮ್ಯಾಲ ದಿನಾ ಅಕಿನ್ನ ಹಂಗ ನೋಡಬೇಕಾಗ್ತಿತ್ತು. ಅದಕ್ಕ ಕೊಟ್ಟು ಬಂದೆ."

ಮಾವ ಎದ್ದು ಹಿತ್ತಲಿಗೆ ಹೋದ. ಅತ್ತೆಯ ಕೊನೆಯ ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಅದರೊಳಗೆ ಕೈ ಅದ್ದಿ ನೋಡಿದ.

"ಭಾಳ ಸುಡಾಕತ್ತೈತಿ" ಎಂದು, ಒಂದು ತಂಬಿಗೆ ತಣ್ಣೀರು ಬೆರೆಸಿದ.