ತೊಟ್ಟಿಯ ಬೆನ್ನಿಗೊಂದು ತೂತು

ಮೀನು ಸಾಕುವವರು ಮೀನು ಸತ್ತೀತೆಂದು ಹೆದರುತ್ತಾರೆ. ನಾನು ಹೆದರಿದ್ದು ನೀರಿಗೆ. ಟೌನ್ಸ್‌ವಿಲ್‌ನ ವಿಮಾ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಬೇರೆಯವರ ಒದ್ದೆ ಕಾರ್ಪೆಟ್ ಮುಟ್ಟಿ ನೋಡುವುದೇ ನನ್ನ ಕಸುಬು. ಅಂಥವನ ಮನೆಗೆ ನನ್ನ ಹೆಂಡತಿ ಗ್ಲೆನಿಸ್ ನಾನೂರು ಲೀಟರಿನ ಸಮುದ್ರವನ್ನೇ ತಂದಳು. ಆ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಇಟ್ಟದ್ದು ಮಹಡಿಯ ಮೇಲಿನ ಹಾಲ್‌ನಲ್ಲಿ. ಅಲ್ಲಿ ಹಲಗೆಯ ನೆಲ. ಹಲಗೆಯ ಕೆಳಗೆ ಅತ್ತೆ ವಿನಿಫ್ರೆಡ್ ಅವರ ಮಂಚ. (ಇನ್ನು ನನಗೆ ನೆಮ್ಮದಿ ಎಲ್ಲಿಂದ?)

ಸಮಸ್ಯೆ ಇಷ್ಟೇ. ತೊಟ್ಟಿಯಲ್ಲಿ ಹೆಚ್ಚಾದ ನೀರು ಕೆಳಗಿನ ಪೆಟ್ಟಿಗೆಗೆ ಇಳಿದು ಶುದ್ಧವಾಗಬೇಕು. ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳಬೇಕು. ಇಳಿಸುವ ದಾರಿ ಎರಡು. ಹಿಂಬದಿಯ ಗಾಜಿಗೆ ತೂತು ಕೊರೆಯಬೇಕು, ಇಲ್ಲವೇ ಅಂಚಿಗೆ ಒಂದು ಡಬ್ಬಿ ನೇತುಹಾಕಿ ಬಾಗಿದ ಕೊಳವೆಯಲ್ಲಿ ನೀರೆಳೆಯಬೇಕು.

"ಕೊರೆಸ್ಬಿಡಿ," ಅಂದ ಸಾಕುಮೀನಿನ ಅಂಗಡಿಯ ಡಾರ್ಸಿ. "ಕೊಳವೆಯೊಳಗೆ ಗಾಳಿ ಹೊಕ್ರೆ ನೀರು ಇಳಿಯಲ್ಲ. ಪಂಪು ಮಾತ್ರ ತಳ್ತಾನೇ ಇರುತ್ತೆ, ತೊಟ್ಟಿ ಉಕ್ಕಿ ಹರಿಯುತ್ತೆ."

"ಕೊರೆಯೋವಾಗ ಗಾಜು ಒಡೆದ್ರೆ?"

"ಒಡೆದ್ರೆ ಒಡೀತು."

ಇಷ್ಟು ಕೇಳಿದ ಮೇಲೆ ನಾನು ಡಬ್ಬಿಯನ್ನೇ ಕೊಂಡೆ.

"ಒಂದು ತೂತಿಗೆ ಇಷ್ಟು ಹೆದರ್ತೀಯಲ್ಲ ಲಿಂಡ್ಸೇ, ಮೂಗಲ್ಲಿ ಎರಡು ಹೇಗೆ ಇಟ್ಕೊಂಡಿದೀಯೋ!" ಅಂದಳು ಗ್ಲೆನಿಸ್.

ಅಷ್ಟರಲ್ಲಿ ಮಳೆಗಾಲ ಬಂತು. ಗುಡುಗಿದರೆ ಕರೆಂಟು ಹೋಗುವ ಬೀದಿ ನಮ್ಮದು. ಕರೆಂಟು ಹೋಗಿ ಬಂದಾಗ ಕೊಳವೆ ಮತ್ತೆ ನೀರೆಳೆಯದಿದ್ದರೆ? ನಮ್ಮ ಮದುವೆಯ ಇಪ್ಪತ್ತೈದನೇ ವರ್ಷದ ಊಟಕ್ಕೆ ಕಡಲ ತೀರಕ್ಕೆ ಹೋಗಿದ್ದೆವು. ದೂರದಲ್ಲಿ ಒಂದು ಮೋಡ ಕಂಡದ್ದೇ ತಡ, ಸಿಗಡಿಯ ತಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಗ್ಲೆನಿಸ್ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮಳೆಯೂ ಬರಲಿಲ್ಲ.

ಈ ಆತಂಕಕ್ಕೆ ಕೊನೆ ಹಾಡಲು ಶನಿವಾರ ಬೆಳಗ್ಗೆ ಮಹಾಪರೀಕ್ಷೆಯೊಂದನ್ನು ನಡೆಸಿದೆ. ಮೇನ್ ಸ್ವಿಚ್ ಆರಿಸುವುದು, ಹಾಕುವುದು, ನೋಡುವುದು. ಹತ್ತು ಸಲವೂ ನೀರು ಸದ್ಗೃಹಸ್ಥನಂತೆ ಕೆಳಗಿಳಿಯಿತು. ಹನ್ನೊಂದನೆಯ ಸಲ ಸ್ವಿಚ್ ಹಾಕಿದವನು ತೊಟ್ಟಿಯತ್ತ ನೋಡದೆ, ವರಾಂಡದಲ್ಲಿದ್ದ ಗ್ಲೆನಿಸ್ ಬಳಿಗೆ ಹೋಗಿ ವಿಜಯಭಾಷಣ ಆರಂಭಿಸಿದೆ.

"ಪ್ರಳಯವೇ ಬರಲಿ, ನಮ್ಮ ತೊಟ್ಟಿ..."

ಕೆಳಗಿನಿಂದ ಅತ್ತೆಯ ದನಿ ಕೇಳಿಸಿತು. "ಲಿಂಡ್ಸೇ, ಮಳೆ ಬರ್ತಿದೆಯೇನಪ್ಪಾ?"

"ಇಲ್ಲ ವಿನಿಫ್ರೆಡ್, ಒಳ್ಳೇ ಬಿಸಿಲಿದೆ!"

"ಹೌದಾ? ನನ್ನ ಮಂಚದ ಮೇಲೆ ಮಾತ್ರ ಬರ್ತಿದೆ."

ಉಪ್ಪು ನೀರು! ಹನ್ನೊಂದನೆಯ ಸಲ ಕೊಳವೆ ನೀರೆಳೆದಿರಲೇ ಇಲ್ಲ. ನಾನು ಓಡಿಹೋಗಿ ಸ್ವಿಚ್ ಆರಿಸುವ ಹೊತ್ತಿಗೆ ಅತ್ತೆ ತಲೆದಿಂಬು ಹಿಂಡುತ್ತಿದ್ದರು. ಗ್ಲೆನಿಸ್ ಬೈಯಲಿಲ್ಲ. (ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.) ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಕಾರು ಹತ್ತಿ, ಡಾರ್ಸಿಯಿಂದ ಗಾಜು ಕೊರೆಯುವ ಡ್ರಿಲ್ ತಂದಳು. ಮೀನುಗಳು ಬಕೆಟ್ಟಿಗೆ ಹೋದವು, ಬರಿದಾದ ತೊಟ್ಟಿ ಅಂಗಳಕ್ಕೆ ಬಂತು. ನಾನು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡೆ.

"ಹೊರಗೆ ಬಾ! ಗಾಜು ಬಿಸಿ ಆಗ್ದಂಗೆ ನೀರು ಬಿಡೋಕೆ ಒಬ್ರು ಬೇಕು."

ಬಂದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಪೈಪು ಹಿಡಿದೆ. ಗಾಜು ಕಿರ್ರೆಂದಿತು. ಟಣ್!

"ಒಡೀತು!" ಎಂದು ಕಿರುಚಿದೆ.

"ಮುಗೀತು," ಅಂದಳು ಗ್ಲೆನಿಸ್. ಅವಳ ಕೈಯಲ್ಲಿ ತೂತಿನಿಂದ ಕಳಚಿ ಬಿದ್ದ ದುಂಡನೆಯ ಗಾಜಿನ ಬಿಲ್ಲೆ. ಕುರ್ಚಿಯಲ್ಲಿ ಕೂತಿದ್ದ ಅತ್ತೆ ಚಪ್ಪಾಳೆ ತಟ್ಟಿದರು.

ಈಗ ಪ್ರತಿ ಶನಿವಾರ ಗ್ಲೆನಿಸ್ ಡಾರ್ಸಿಯ ಅಂಗಡಿಯಲ್ಲಿ ಊರಿನವರ ತೊಟ್ಟಿಗಳಿಗೆ ತೂತು ಕೊರೆಯುತ್ತಾಳೆ. ಪೈಪು ಹಿಡಿಯಲು ನಾನೂ ಹೋಗುತ್ತೇನೆ. ಮೊನ್ನೆ ಒಬ್ಬ ಗಿರಾಕಿ ಅವಳ ಕೈಚಳಕವನ್ನು ಹೊಗಳಿ, "ನಿಮ್ಮ ಗಂಡ ಬಂದಿಲ್ವಾ?" ಎಂದು ಕೇಳಿದ.

"ಬಂದಿದಾನೆ. ಇವನೇ," ಎಂದು ಗ್ಲೆನಿಸ್ ಅನ್ನುವುದು ಕೇಳಿಸಿತು. "ಈಗ ಮಾತಾಡಿಸ್ಬೇಡಿ. ಬಿಲ್ಲೆ ಬೀಳೋವರೆಗೂ ಕಣ್ಣು ಬಿಡಲ್ಲ."